ಸ್ವರಮಂಡಲಕ್ಕೆ ಮಗ್ಗದ ಬಿಗಿ

ನವೆಂಬರ್ ೩, ಸೋಮವಾರ. ಬಾದಾಮಿ

ಇಳಕಲ್ಲಿನ ನೇಕಾರರ ಸೊಸೈಟಿಯವರು ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಇದು. ಇಷ್ಟು ದಿನ ಅಕ್ಕಿ ಡಬ್ಬಿಗೆ ಮುಚ್ಚಳವಾಗಿ ಕೂತಿತ್ತು. ಜನವರಿಯಿಂದ ಅಕ್ಟೋಬರದವರೆಗೆ ಖಾಲಿ. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ, ಹೇಳಬೇಕಾದದ್ದನ್ನೆಲ್ಲ ಎದುರಿಗಿದ್ದವರ ಮುಖಕ್ಕೇ ಹೇಳುತ್ತಿದ್ದೆ. ಈ ಊರಲ್ಲಿ ನನ್ನ ಎದುರಿಗೆ ಯಾರೂ ಇಲ್ಲ, ಮಂಗಗಳನ್ನು ಬಿಟ್ಟರೆ. ನಾಲ್ಕನೇ ಈಯತ್ತೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆಯೋ ಇಲ್ಲವೋ ನೋಡೋಣ.

ನಾನು ಇಲ್ಲಿಗೆ ಬಂದದ್ದು ಕಾವಲಿಗೆ. ಮೊಮ್ಮಗಳು ಸುಮಾ ಬಾಗಲಕೋಟೆಯ ಕಾಲೇಜಿನಲ್ಲಿ ಸಂಗೀತ ತೆಗೆದುಕೊಂಡು ಬಿ.ಎ. ಮುಗಿಸಿದಳು. ಮುಗಿಸಿದವಳು ಇಳಕಲ್ಲಿನ ಮನೆಗೆ ಬಂದು ನನ್ನ ಕೈಮಗ್ಗದ ಪಕ್ಕ ಕೂರಬೇಕಿತ್ತು. ಆದರೆ ಬಾದಾಮಿಯಲ್ಲಿ ವಿಜಯಮಹಾಂತೇಶ ಎಂಬ ಮಾಸ್ತರರು ತಮ್ಮ ಹಳೇ ಮನೆಯಲ್ಲಿ ವಾದ್ಯಗಳ ಸಂಗ್ರಹಾಲಯ ತೆರೆದಿದ್ದಾರಂತೆ, ಅಲ್ಲಿ ಬಂದವರಿಗೆ ವಾದ್ಯ ತೋರಿಸುವ ನೌಕರಿ ಹಿಡಿದಳು. ನನ್ನ ಮಗ, ಅವಳ ಅಪ್ಪ ಪ್ರಭು, "ಹೆಣ್ಣುಹುಡುಗಿ ಒಬ್ಬಾಕಿ ಪರಊರಾಗ ಇರೂದು ಬ್ಯಾಡ" ಎಂದ. "ಆಯಿ ನನ್ನ ಜೋಡಿ ಬಂದ್ರ?" ಎಂದಳು ಇವಳು, ನನ್ನನ್ನು ಒಂದು ಮಾತೂ ಕೇಳದೆ. ಡಿಸೆಂಬರ್ ಕೊನೆಯೊಳಗೆ ನೌಕರಿ ಪಕ್ಕಾ ಆದರೆ ಸರಿ, ಆಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ. ಇದು ಪ್ರಭುವಿನ ಮಾತು. ಪಕ್ಕಾ ಆಗದೇ ಇರಲಿ. ಇದು ನನ್ನ ಮಾತು, ಬನಶಂಕರಿಗೆ ಮಾತ್ರ ಗೊತ್ತು.

ನನ್ನದೇನು ಹೊಟ್ಟೆಕಿಚ್ಚಲ್ಲ. ಇಳಕಲ್ಲ ಸೀರೆಯ ಸೆರಗು ಬೇರೆ ನೇಯ್ಗೆ, ಒಡಲು ಬೇರೆ ನೇಯ್ಗೆ. ಸೆರಗಿನ ಒಂದೊಂದು ಎಳೆಯನ್ನೂ ಒಡಲಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಸೇರಿಸಬೇಕು. ಅದಕ್ಕೆ ಬೇಕಾದದ್ದು ತೆಳ್ಳನೆಯ ಬೆರಳು. ನನ್ನವು ಈಗ ಶುಂಠಿಗಡ್ಡೆ. ಮನೆಯಲ್ಲಿ ಅಂಥ ಬೆರಳಿರುವುದು ಸುಮಾಗೆ ಒಬ್ಬಳಿಗೇ. ಅವನ್ನು ತಂದು ಯಾರದೋ ತಂತಿಗೆ ಹಾಕಿದ್ದಾಳೆ.

ನವೆಂಬರ್ ೪, ಮಂಗಳವಾರ

ಮಂಗ ನನ್ನ ಎಲೆಯಡಿಕೆ ಚೀಲ ಒಯ್ದಿತು. ಸುಣ್ಣ ತಿಂದು ಬಾಯಿ ಸುಟ್ಟುಕೊಂಡು, ಅದೂ ನನ್ನದೇ ತಪ್ಪೆಂಬಂತೆ ನನ್ನ ಕಡೆಗೇ ಹಲ್ಲು ಕಿರಿಯಿತು. ಕೆಳಗಿನ ಮನೆಯಲ್ಲಿರುವ ಮನೆಯೊಡತಿ ಮಾಸುಮಬಿ ಹೊರಗೆ ಬಂದು, "ಹೊಸಬರು ಬಂದ್ರ ಹಂಗ ಪರಿಚಯ ಮಾಡ್ಕೊಂತೈತ್ರಿ" ಎಂದಳು. ಇವಳ ನಾಲಿಗೆ ಸ್ವಲ್ಪ ಉದ್ದವೇ. ನನಗೆ ಹಿಡಿಸಿತು. ಹೇಳಿಲ್ಲ.

ನವೆಂಬರ್ ೬, ಗುರುವಾರ

ಬುತ್ತಿ ಕೊಡುವ ನೆಪ ಮಾಡಿಕೊಂಡು ಸಂಗ್ರಹಾಲಯಕ್ಕೆ ಹೋದೆ.

ಬಾಗಿಲಲ್ಲೇ ಬೋರ್ಡು: "ಇಲ್ಲಿ ಎಲ್ಲವನ್ನೂ ಮುಟ್ಟಬಹುದು." ಮೇಲೆ ಗುಹೆ ನೋಡಲು ಹೋದರೆ ಮುಟ್ಟಬೇಡಿ ಎಂದು ಬರೆದು ಟಿಕೇಟು ತೆಗೆದುಕೊಳ್ಳುತ್ತಾರೆ. ಇಲ್ಲಿ ಮುಟ್ಟಿ ಎಂದು ಬರೆದು ಟಿಕೇಟು ತೆಗೆದುಕೊಳ್ಳುತ್ತಾರೆ. ಒಟ್ಟಿನಲ್ಲಿ ಟಿಕೇಟು ತಪ್ಪಿದ್ದಲ್ಲ.

ಒಳಗೆ ಗೋಡೆಗೆ ಹಲಗಿ, ಸಂಬಾಳ, ಕೊಂಬು. ಮೂಲೆಯಲ್ಲಿ ಕರಡಿ ಮೇಳದವರು ಬಾರಿಸುವ ದೊಡ್ಡ ಚರ್ಮವಾದ್ಯ, ಕಾಳು ತುಂಬುವ ನಮ್ಮ ಹಗೇವಿನ ಬಾಯಿಯಷ್ಟು ಅಗಲ. ಒಂದು ಕಡೆ ಸಾಲಾಗಿ ಪಿಂಗಾಣಿ ಬಟ್ಟಲು, ಒಂದೊಂದರಲ್ಲಿ ಒಂದೊಂದು ಅಳತೆಯ ನೀರು. ಬಿಸಿಲಲ್ಲಿ ನಡೆದು ಬಂದಿದ್ದೆ, ಮರ್ಯಾದೆಯ ಮನೆ, ಬಂದವರಿಗೆ ನೀರಿಟ್ಟಿದ್ದಾರೆ ಎಂದುಕೊಂಡು ಒಂದನ್ನು ಎತ್ತಿದೆ. ಸುಮಾ ಓಡಿ ಬಂದು ಕಸಿದುಕೊಂಡಳು. "ಆಯಿ, ಅದು ಜಲತರಂಗ! ಕುಡೀಬ್ಯಾಡ, ಸ್ವರ ಕೆಡ್ತೈತಿ!"

"ನನ್ನ ಹೊಟ್ಟಿ ಕೆಡ್ತೈತಂತ ಓಡಿ ಬಂದಿಯೇನೋ ಅಂದ್ಕೊಂಡೆ" ಎಂದೆ.

ನಡುವಿನ ಮೇಜಿನ ಮೇಲೆ ಹಲಗೆಯಂಥ ಪೆಟ್ಟಿಗೆ, ಮೈತುಂಬ ತಂತಿ. ನನ್ನ ಕಣ್ಣಿಗೆ ಅದು ಹಾಸಿನ ಉದ್ದೆಳೆಗಳನ್ನು ಹೂಡಿದ ಚಿಕ್ಕ ಮಗ್ಗದ ಹಾಗೆಯೇ ಕಂಡಿತು. ಸುಮಾ ಅದರ ಮುಂದೆ ನಿಂತಾಗ ಅವಳ ದನಿಯೇ ಬದಲಾಯಿತು. "ಇದು ಸ್ವರಮಂಡಲ. ಹಾಡೋರು ತೊಡಿ ಮ್ಯಾಲ ಇಟ್ಕೊಂಡು ಬೆರಳ ಆಡಸ್ತಾರ. ಸರ್ ಇದನ್ನ ಒಂದು ರಾಗಕ್ಕ ಕೂಡ್ಸಿ ಇಟ್ಟಾರ. ಅದಕ್ಕ ಯಾರು ಹೆಂಗ ಬೆರಳ ಎಳದ್ರೂ ತಪ್ಪ ಬರೂದಿಲ್ಲ. ಎರಡ ವರ್ಷದ ಕೂಸು ಎಳದ್ರೂ ಚೊಲೋನ ಕೇಳ್ತೈತಿ. ನೀನೂ ಒಮ್ಮಿ ಎಳಿ."

"ನಾ ಕೂಸಲ್ಲ" ಎಂದು ಕೈ ಹಿಂದೆ ಕಟ್ಟಿಕೊಂಡೆ.

ಅಷ್ಟರಲ್ಲಿ ವಿಜಯಮಹಾಂತೇಶ ಮಾಸ್ತರರು ಬಂದರು. ಸಣಕಲು ಮನುಷ್ಯ. ಚಾಳೀಸು ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಚಾಳೀಸು ಹುಡುಕುತ್ತಿದ್ದರು. "ಬರ್ರಿ ಅಮ್ಮಾರ, ಏನರ ನುಡಸ್ರಿ" ಎಂದರು. "ಮೊದಲ ಹಣಿ ಮುಟ್ಟಿ ನೋಡ್ಕೋರಿ" ಎಂದು ಬುತ್ತಿ ಇಟ್ಟು ಬಂದೆ.

ಇದು ನೌಕರಿಯೇ? ಬಂದವರು ತಾವೇ ಬಾರಿಸಿಕೊಳ್ಳುತ್ತಾರೆ, ಇವಳು ನೋಡುತ್ತ ನಿಲ್ಲುತ್ತಾಳೆ. ಬಹಳ ದಿನ ನಡೆಯುವುದಿಲ್ಲ. ಒಳ್ಳೆಯದೇ ಆಯಿತು.

ನವೆಂಬರ್ ೯, ರವಿವಾರ

ರೂಮಿನಲ್ಲಿ ಕೂತು ಮಂಗಗಳ ಮುಖ ನೋಡುವುದಕ್ಕಿಂತ ವಾಸಿ ಎಂದು ಸಂಗ್ರಹಾಲಯದ ಕಟ್ಟೆಯ ಮೇಲೆ ಹೋಗಿ ಕೂತೆ. ಗುಳೇದಗುಡ್ಡದ ಕಡೆಯ ಹೊಸ ಜೋಡಿ ಬಂತು. ಗಂಡ ಎಲ್ಲವನ್ನೂ ಬಡಿದ. ಹೆಂಡತಿ ಸೆರಗಿನ ತುದಿ ಹಿಡಿದುಕೊಂಡು ನಿಂತಳು, ಏನು ಕೊಟ್ಟರೂ "ಬ್ಯಾಡ್ರಿ, ನಂಗ ಬರೂದಿಲ್ರಿ".

ಸುಮಾ ಒತ್ತಾಯ ಮಾಡಲಿಲ್ಲ. ತಾನೇ ಏಕತಾರಿಯನ್ನು ಎತ್ತಿಕೊಂಡು ತಲೆಕೆಳಗಾಗಿ ಹಿಡಿದು, ಬುರುಡೆಯನ್ನು ಬಾಯಿಗೆ ಹಚ್ಚಿ ಊದಲು ಹೋದಳು. ಆ ಹುಡುಗಿಗೆ ನಗು ತಡೆಯಲಿಲ್ಲ. "ಹಂಗಲ್ರೀ, ಕೊಡ್ರಿಲ್ಲೆ" ಎಂದು ಕಸಿದುಕೊಂಡು ತಂತಿ ಮೀಟಿದಳು. ಆಮೇಲೆ ಅವಳನ್ನು ಅಲ್ಲಿಂದ ಎಬ್ಬಿಸಿ ಕರೆದೊಯ್ಯಲು ಗಂಡನಿಗೆ ಸಾಕುಬೇಕಾಯಿತು.

ತಂತ್ರಗಾತಿ. ಈ ಗುಣ ಅವಳಿಗೆ ನನ್ನಿಂದಲೇ ಬಂದದ್ದು, ಪ್ರಭುವಿನಿಂದಲ್ಲ.

ನವೆಂಬರ್ ೧೩, ಗುರುವಾರ

ನಮ್ಮ ಯಜಮಾನರು ಶಿವಲಿಂಗಪ್ಪನವರ ಫೋನು. ಸಾಸಿವೆ ಎಲ್ಲಿದೆ ಎಂದು ಕೇಳಲು. ಸಾಸಿವೆ ಡಬ್ಬಿಯಲ್ಲಿದೆ ಎಂದೆ. ಯಾವ ಡಬ್ಬಿ ಎಂದರು. ಸಾಸಿವೆ ಇರುವ ಡಬ್ಬಿ ಎಂದೆ. ಫೋನು ಪ್ರಭುವಿಗೆ ಕೊಟ್ಟರು.

"ಅವ್ವಾ, ಆಕಿ ನೌಕರಿ ಹೆಂಗ ನಡದೈತಿ?"

"ಮಂದೀನ ಬರೂದಿಲ್ಲಪಾ. ನಿನ್ನಿ ಮಂಗ್ಯಾ ಸೈತ ಬರ್ಲಿಲ್ಲ."

"ಹಂಗಾದ್ರ ಡಿಸೆಂಬರತನ ಸುಮ್ಮ ಕುಂತು ಬಾ. ಆಮ್ಯಾಗ ಮನಿಗೆ ಬಂದ ಬರ್ತಾಳ."

ನಿನ್ನೆ ಮಂದಿ ಬಂದಿದ್ದರು. ಪಟ್ಟದಕಲ್ಲು ನೋಡಿಕೊಂಡು ಒಂದು ಇಡೀ ಮಿನಿಬಸ್ಸು ಬಂದಿತ್ತು. ಕೊಂಬು ಊದಿ ಊದಿ ಒಬ್ಬ ಮುದುಕನ ಹಲ್ಲಿನ ಕಟ್ಟು ಕಳಚಿ ಬಿತ್ತು, ಸುಮಾ ಅದನ್ನು ತಟ್ಟೆಯಲ್ಲಿಟ್ಟು ಸರಕಾರಿ ಕಾಣಿಕೆಯ ಹಾಗೆ ಮರ್ಯಾದೆಯಿಂದ ಕೊಟ್ಟಳು. ಪ್ರಭುವಿಗೆ ಇದನ್ನೆಲ್ಲ ಯಾಕೆ ಹೇಳಬೇಕು? ಮಾಸುಮಬಿಗೆ ಹೇಳಿದೆ. ಇಬ್ಬರೂ ಚಹಾ ಆರುವವರೆಗೆ ನಕ್ಕೆವು.

ನವೆಂಬರ್ ೧೭, ಸೋಮವಾರ

ಸೋಮವಾರ ಸಂಗ್ರಹಾಲಯಕ್ಕೆ ರಜೆ. ಆದರೂ ಸುಮಾ ಹೋದಳು, ಮಾಸ್ತರರ ಹತ್ತಿರ ಶ್ರುತಿ ಕೂಡಿಸುವುದನ್ನು ಕಲಿಯಲು. ನಾನೂ ಹೋದೆ. ಕಾವಲೆಂದರೆ ಕಾವಲು.

ಬರುವ ಶನಿವಾರ ಹುನಗುಂದದ ಒಂದು ಸಾಲಿಯ ಹುಡುಗರು ಪ್ರವಾಸ ಬರುತ್ತಾರಂತೆ. ಮಾಸ್ತರರು ನನ್ನ ಎದುರಿಗೇ ಹೇಳಿದರು: "ಇದು ಚೊಲೋ ಆತಂದ್ರ ಇನ್ನ ನಾಕು ಸಾಲಿ ತಾವಾಗೇ ಬರ್ತಾವ್ರಿ. ಬಂದ್ರ ಸುಮಾನ ನೌಕರಿ ಪಕ್ಕಾ. ಬರ್ಲಿಲ್ಲಂದ್ರ ನಾನೂ ಬಾಗಲಾ ಹಾಕ್ಕೊಂಡು ಕುಂದ್ರೂದ." ಮಾಸ್ತರರು ಮೂರು ದಿನ ಕೂತು ಸ್ವರಮಂಡಲವನ್ನು ಹೊಸದಾಗಿ ಕೂಡಿಸುತ್ತಾರಂತೆ. ಒಂದೊಂದು ಹುಡುಗನ ಕೈಯಲ್ಲೂ ಅದನ್ನೇ ಮೊದಲು ಎಳೆಸುವುದಂತೆ. ತಪ್ಪೇ ಬಾರದ ವಾದ್ಯ ಮೊದಲು ಮುಟ್ಟಿದರೆ ಉಳಿದವುಗಳ ಹೆದರಿಕೆ ಹೋಗುತ್ತದಂತೆ.

ಸುಮಾ ಕಣ್ಣು ಮುಚ್ಚಿಕೊಂಡು ತಂತಿಯ ಮೇಲೆ ಬೆರಳಿಟ್ಟಿದ್ದಳು. ಕೊಂಡಿ ಹಾಕುವಾಗ ಇಡುವ ಹಾಗೆಯೇ, ಕಿರುಬೆರಳು ಸ್ವಲ್ಪ ಎತ್ತಿ. ಆ ಬೆರಳು ನಾನು ತಿದ್ದಿದ್ದು. ಸಿಟ್ಟು ಬಂತು. ಎದ್ದು ಮನೆಗೆ ಬಂದು ಬದನೆಕಾಯಿ ಹೆಚ್ಚಿದೆ. ಬೇಕಾದ್ದಕ್ಕಿಂತ ಹೆಚ್ಚು ಹೆಚ್ಚಿದೆ, ಮಾಸುಮಬಿಗೂ ಕೊಡಬೇಕಾಯಿತು.

ನವೆಂಬರ್ ೨೦, ಗುರುವಾರ

ಇವತ್ತಿನದನ್ನು ಬರೆಯುವುದೋ ಬೇಡವೋ ಎಂದು ಬಹಳ ಹೊತ್ತು ಕೂತೆ. ಬರೆಯುತ್ತೇನೆ. ಓದುವವರು ಯಾರಿದ್ದಾರೆ?

ಮಾಸ್ತರರು ರಿಪೇರಿಗೆ ಕೊಟ್ಟ ವಾದ್ಯ ತರಲು ಬಾಗಲಕೋಟೆಗೆ ಹೋಗಿದ್ದರು. ಸುಮಾ ಶನಿವಾರದ ಹುಡುಗರಿಗೆ ಜಮಖಾನೆ ತರಲು ಪೇಟೆಗೆ ಹೊರಟಳು. "ಆಯಿ, ಬಾಗಿಲದಾಗ ಕೂತಿರು. ಯಾರರ ಬಂದ್ರ ಕೂಡಸು. ಈಗ ಬಂದೆ."

ಯಾರೂ ಬರಲಿಲ್ಲ. ಸುಮ್ಮನೆ ಕೂರುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ. ಒಳಗೆ ಹೋಗಿ ಸ್ವರಮಂಡಲದ ಮುಂದೆ ನಿಂತೆ. ಬೋರ್ಡು ಹೇಗೂ ಮುಟ್ಟಬಹುದು ಎನ್ನುತ್ತದೆ. ಹೆಬ್ಬೆರಳಿನಿಂದ ತಂತಿಗಳನ್ನು ಮೆಲ್ಲಗೆ ಒತ್ತಿ ನೋಡಿದೆ, ಹಾಸನ್ನು ನೋಡುವ ಹಾಗೆ.

ಏನು ಹೇಳಲಿ! ಒಂದು ಸಡಿಲು, ಒಂದು ಬಿಗಿ, ಅದರ ಪಕ್ಕದ್ದು ಇನ್ನೂ ಬಿಗಿ, ಆಚೆಯದು ಜೋಲು. ಹಾಸಿನಲ್ಲಿ ಒಂದು ಎಳೆ ಸಡಿಲಾದರೆ ಬಟ್ಟೆಯಲ್ಲಿ ಸುಕ್ಕು ಏಳುತ್ತದೆ, ಒಂದು ಎಳೆ ಬಿಗಿಯಾದರೆ ಅದೇ ಮೊದಲು ಹರಿಯುತ್ತದೆ. ಇಡೀ ಹಾಸು ಹೆಬ್ಬೆರಳಿಗೆ ಒಂದೇ ಸಮ ಹತ್ತಬೇಕು. ಮದುವೆಯಾಗಿ ಬಂದ ವರ್ಷ ನನ್ನ ಅತ್ತೆ ಇದನ್ನು ಕಿವಿ ಹಿಂಡಿ ಕಲಿಸಿದ್ದಳು. ಪಾಪ, ಮಾಸ್ತರರು ಓದಿದವರು, ಎಳೆಯ ವಿಷಯ ಅವರಿಗೇನು ಗೊತ್ತು, ನಾಡಿದ್ದು ಹುಡುಗರ ಮುಂದೆ ಮಾನ ಹೋಗುತ್ತದೆ ಎಂದು ನನಗೇ ಕನಿಕರ ಬಂತು. ತಂತಿ ತಿರುಗಿಸುವ ಕೀಲಿ ಅಲ್ಲೇ ದಾರದಲ್ಲಿ ನೇತಾಡುತ್ತಿತ್ತು.

ಸಡಿಲಾದದ್ದನ್ನೆಲ್ಲ ಏರಿಸಿದೆ, ಬಿಗಿಯಾದದ್ದನ್ನೆಲ್ಲ ಇಳಿಸಿದೆ. ಒಂದು ತಂತಿ ಟಣ್ಣೆಂದು ಹರಿದು ಮೊಣಕೈಗೆ ಬಡಿಯಿತು. ನನ್ನ ಚೀಲದಲ್ಲಿ ಯಾವಾಗಲೂ ರೇಷ್ಮೆ ಎಳೆ ಇರುತ್ತದೆ, ಕೆಂಪು ಎಳೆ ತೆಗೆದು ನೇಕಾರರ ಗಂಟು ಹಾಕಿ ಅದನ್ನೂ ಸೇರಿಸಿದೆ. ಕೊನೆಗೆ ಹೆಬ್ಬೆರಳು ಆಡಿಸಿದರೆ ಈ ತುದಿಯಿಂದ ಆ ತುದಿಗೆ ಒಂದೇ ಬಿಗಿ. ಇಳಕಲ್ಲಿನ ಯಾವ ನೇಕಾರನೂ ಹೆಸರಿಡುವ ಹಾಗಿರಲಿಲ್ಲ. ಹೆಮ್ಮೆಯಿಂದ ಕೂತಿದ್ದೆ.

ಸುಮಾ ಬಂದಳು. "ನೋಡು, ನಿಮ್ಮ ಮಾಸ್ತರನ ಹಾಸು ಸಮಾ ಮಾಡೇನಿ" ಎಂದೆ. ಅವಳು ಜಮಖಾನೆ ಕೆಳಗಿಡದೆಯೇ ತಂತಿಗಳ ಮೇಲೆ ಬೆರಳು ಎಳೆದಳು.

ತಗಡಿನ ಡಬ್ಬಿ ತುಂಬಿದ ಚೀಲ ಮೆಟ್ಟಿಲ ಮೇಲಿಂದ ಉರುಳಿದ ಸದ್ದು ಬಂತು. ಹೊರಗೆ ಕೂತಿದ್ದ ಮಂಗ ಎದ್ದು ಹೋಯಿತು.

ಸುಮಾ ಜಮಖಾನೆ ಕೆಳಗಿಟ್ಟಳು. ಅಷ್ಟರಲ್ಲಿ ಮಾಸ್ತರರು ಹೆಗಲ ಮೇಲೆ ವಾದ್ಯ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರೂ ಕೇಳಿದ್ದರು.

"ಯಾರು ಮುಟ್ಟಿದ್ರು ಇದನ್ನ?" ಎಂದರು. ಎಲ್ಲವನ್ನೂ ಮುಟ್ಟಬಹುದಾದ ಮನೆಯಲ್ಲಿ ಈ ಪ್ರಶ್ನೆ ಮೊದಲ ಸಲ ಬಂದಿರಬೇಕು.

ನಾನು ಬಾಯಿ ತೆರೆಯುವಷ್ಟರಲ್ಲಿ ಸುಮಾ, "ನಾನ್ರಿ ಸರ್" ಎಂದಳು. "ಕಲಿಬೇಕಂತ ತಿರುವಾಕ ಹೋದೆ. ತಪ್ಪಾತು."

ಮಾಸ್ತರರು ಕೆಂಪು ರೇಷ್ಮೆಯ ಗಂಟನ್ನು ಚಾಳೀಸು ಇಳಿಸಿ ನೋಡಿದರು, ಏರಿಸಿ ನೋಡಿದರು. ಅವರ ದನಿ ಏರಲಿಲ್ಲ. "ಮೂರು ದಿನದ ಕೆಲಸ, ಸುಮಾ. ಒಂದು ಮಾತು ಕೇಳಬೇಕಿಲ್ಲೇನು? ನಾಳಿಂದ ಬರೂದು ಬ್ಯಾಡ" ಎಂದರು.

ನನ್ನ ನಾಲಿಗೆ, ಊರಿಗೆಲ್ಲ ಹರಿಯುವ ನಾಲಿಗೆ, ಆ ಹೊತ್ತಿಗೆ ಸರಿಯಾಗಿ ಅಂಗುಳಕ್ಕೆ ಅಂಟಿಕೊಂಡಿತು.

ಸಂಜೆ ಪ್ರಭುವಿಗೆ ಫೋನು ಮಾಡಿ, "ನೌಕರಿ ಹೋತು, ಶನಿವಾರ ಗಾಡಿ ತಗೊಂಡು ಬಾ" ಎಂದೆ. ಅವನಿಗೆ ಖುಷಿ. ನಾನು ಬೇಡಿಕೊಂಡದ್ದೇ ಆಗಿದೆ, ನನಗೂ ಖುಷಿಯೇ. ಸುಮಾ ನನ್ನನ್ನು ಬೈಯಲಿಲ್ಲ. ನನ್ನ ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕಿದಳು, ಆಮೇಲೆ ತನ್ನವನ್ನು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಊಟ ಸೇರಲಿಲ್ಲ. ಬದನೆಕಾಯಿ ಕಹಿ ಇತ್ತು.

ನವೆಂಬರ್ ೨೧, ಶುಕ್ರವಾರ

ಬೆಳಿಗ್ಗೆ ಚಹಾದಲ್ಲಿ ಸಕ್ಕರೆ ಇಲ್ಲ ಎಂದು ಸುಮಾಗೆ ಬೈದೆ. ಸಕ್ಕರೆ ಇತ್ತು.

ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಸಂಗ್ರಹಾಲಯಕ್ಕೆ ಹೋದೆ. ಮಾಸ್ತರರು ಒಬ್ಬರೇ ಸ್ವರಮಂಡಲದ ಮುಂದೆ ಕೂತಿದ್ದರು. ಕಣ್ಣು ಕೆಂಪಾಗಿತ್ತು.

"ಮಾಸ್ತರ, ಆ ತಂತಿ ಬಿಗದಾಕಿ ನಾನು."

"ನೀವಾ? ನೀವ್ಯಾಕ ಬಿಗದ್ರಿ?"

"ಸಡ್ಲ ಇದ್ದುವು."

"ಸಡ್ಲ ಇರಬೇಕ್ರಿ ಅಮ್ಮಾರ! ಒಂದು ಸಡ್ಲ, ಒಂದು ಬಿಗಿ ಇದ್ರನ ಒಂದೊಂದು ಸ್ವರ!"

"ಹಂಗಂತ ಎಲ್ಲಿ ಬರದಿ? ಬಾಗಿಲದಾಗ ಎಲ್ಲಾ ಮುಟ್ಟಬಹುದಂತ ಬರದಿ. ಮ್ಯಾಲ ಕೀಲಿ ಬ್ಯಾರೆ ತೂಗ ಹಾಕಿ. ನೇಕಾರ ಹೆಂಗಸಿನ ಮುಂದ ಸಡ್ಲ ಎಳಿ ಇಟ್ಟು ಕೈಗೆ ಕೀಲಿ ಕೊಟ್ರ ಆಕಿ ಏನ ಮಾಡಬೇಕು, ಪೂಜಿ ಮಾಡಬೇಕೇನು?"

ಮಾಸ್ತರರು ಚಾಳೀಸು ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರ ಸುಮಾ ಯಾಕ ತಾ ಮಾಡಿದೆ ಅಂದ್ಲು?"

"ನನ್ನ ಮರ್ಯಾದಿ ಕಾಯಾಕ. ನನಗೂ ಮರ್ಯಾದಿ ಐತಂತ ತಿಳಕೊಂಡಾಕಿ ನಮ್ಮ ಮನ್ಯಾಗ ಆಕಿ ಒಬ್ಬಾಕೀನ. ನೋಡಪಾ, ಆಕಿನ್ನ ನೌಕರಿಯಿಂದ ತಗೀಬೇಕಂದ್ರ ಮೊದಲ ನನ್ನ ತಗಿ."

"ನೀವು ನೌಕರಿಯಾಗ ಇಲ್ಲಲ್ರಿ."

"ಹಂಗಾದ್ರ ಮೊದಲ ತಗೊಂಡು ಆಮ್ಯಾಗ ತಗಿ."

ಮಾಸ್ತರರು ಚಾಳೀಸು ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಆಮೇಲೆ ನಕ್ಕರು. ನಗುವವರ ಹಾಗೆ ಕಾಣುವುದಿಲ್ಲ, ಆದರೆ ನಗಲು ಬರುತ್ತದೆ. "ಹೋಗಿ ಆಕಿನ್ನ ಕರಕೊಂಡು ಬರ್ರಿ. ನಾಳಿ ಮುಂಜಾನಿಗೆ ಹು‍ಡುಗ್ರು ಬರ್ತಾವ. ನನ್ನ ಒಬ್ಬನ ಕೈಲೆ ಇದು ಮುಗಿಯೂದಲ್ಲ."

ಸುಮಾ ಬಂದಳು. ಕೆಲಸ ಹಂಚಿಕೊಂಡೆವು. ಹರಿದದ್ದಕ್ಕೆ ಹೊಸ ತಂತಿ ಹಾಕಿ ಮಾಸ್ತರರು ಹಾರ್ಮೋನಿಯಂ ಪೇಟಿಯ ಮೇಲೆ ಸ್ವರ ಹಿಡಿಯುವುದು, ಸುಮಾ ತಂತಿಗೆ ಕಿವಿ ಕೊಟ್ಟು ಏರಿಸು, ಇಳಿಸು ಎನ್ನುವುದು, ನಾನು ಕೀಲಿ ತಿರುಗಿಸುವುದು. ಕೆಡಿಸಿದ ಕೈಯೇ ತಿರುಗಿಸಲಿ ಎಂದು ನಾನೇ ಹಟ ಹಿಡಿದೆ.

ಬಹಳ ಕಷ್ಟದ ಕೆಲಸ. ತಿರುಗಿಸುವುದಲ್ಲ, ಬಿಡುವುದು. ಪಕ್ಕಪಕ್ಕದ ಎರಡು ಎಳೆ ಬೇರೆ ಬೇರೆ ಬಿಗಿಯಲ್ಲಿರುವುದು ಗೊತ್ತಿದ್ದೂ ಕೈ ಬಿಡುವುದೆಂದರೆ, ಅನ್ನದಲ್ಲಿ ಕಲ್ಲು ಕಂಡೂ ತೆಗೆಯದೆ ಬಡಿಸಿದ ಹಾಗೆ. ಸುಮಾ "ಸಾಕು" ಎಂದ ಮೇಲೂ ನನ್ನ ಕೈ ಕೂದಲೆಳೆಯಷ್ಟು ತಾನಾಗಿಯೇ ತಿರುಗುತ್ತಿತ್ತು. ಮತ್ತೊಂದು ತಂತಿ ಹರಿಯಿತು. ಮಾಸ್ತರರು ಪೇಟಿಯ ಮೇಲೆ ತಲೆಯಿಟ್ಟರು, ಪೇಟಿ ಭೋಂ ಎಂದಿತು.

ಸುಮಾ ನನ್ನ ಕೈ ಹಿಡಿದಳು. "ಆಯಿ, ಹೆಬ್ಬಟ್ಟಿನ ಮಾತ ಕೇಳಬ್ಯಾಡ. ನನ್ನ ಮಾತ ಕೇಳು."

"ಯಾರಿಗೆ ಅಂದಿ?"

"ನಿನಗ ಅಂದೆ. ನಾ ನಿಲ್ಲಿಸು ಅಂದಲ್ಲೆ ನಿಲ್ಲಿಸು."

ಮಗ್ಗದ ಮುಂದೆ ಈ ಮಾತು ಹೇಳುವವಳು ನಾನು. ಕೇಳುವವಳು ಇವಳು. ತಿರುಗಿ ಏನಾದರೂ ಅನ್ನಬೇಕೆಂದು ನೋಡಿದೆ, ಅವಳು ಆಗಲೇ ಕಣ್ಣು ಮುಚ್ಚಿಕೊಂಡು ಮುಂದಿನ ತಂತಿಗೆ ಕಿವಿ ಕೊಟ್ಟಿದ್ದಳು. ಅವಳು ನಿಲ್ಲಿಸು ಎಂದಲ್ಲಿ ನಿಲ್ಲಿಸಿದೆ. ಆಮೇಲೆ ಒಂದೂ ಹರಿಯಲಿಲ್ಲ.

ಹೊತ್ತು ಮುಳುಗುವ ಹೊತ್ತಿಗೆ ಮುಗಿಯಿತು. "ಈಗ ಎಳಿ ಆಯಿ" ಎಂದಳು. ಎಳೆದೆ. ಮತ್ತೊಮ್ಮೆ ಎಳೆದೆ. ಮಾಸ್ತರರು ಬೀಗ ಹಿಡಿದು ಬಾಗಿಲಲ್ಲಿ ನಿಂತು ಕೆಮ್ಮುವವರೆಗೂ ಎಳೆದೆ. ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ.

ಮನೆಗೆ ಬಂದ ಮೇಲೆ ನೆನಪಾಯಿತು, ನಾಳೆ ಬರಬೇಡ ಎಂದು ಪ್ರಭುವಿಗೆ ಹೇಳುವುದೇ ಮರೆತಿದ್ದೆ. ಫೋನು ಮಾಡಬಹುದಿತ್ತು. ನಾಳೆ ನೋಡೋಣ.

ನವೆಂಬರ್ ೨೨, ಶನಿವಾರ. ಇಳಕಲ್ಲು, ರಾತ್ರಿ

ಹುಡುಗರೆಂದರೆ ಹುಡುಗರಲ್ಲ, ಬಾದಾಮಿಯ ಮಂಗಗಳಿಗೆ ಸಮವಸ್ತ್ರ ಹೊಲಿಸಿದ ಹಾಗಿದ್ದವು. ಮಾಸ್ತರರು ನನ್ನನ್ನು ಸ್ವರಮಂಡಲದ ಪಕ್ಕ ನಿಲ್ಲಿಸಿದರು. ಕೀಲಿಯನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ, ಬೇರೆ ಯಾರ ಕೈಗೂ ಸಿಗಬಾರದು, ಜನರನ್ನು ನಂಬಲಾಗುವುದಿಲ್ಲ. ಒಂದೊಂದು ಮಗುವೂ ಬಂದು ಬೆರಳೆಳೆದು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡು ಹೋಗುತ್ತಿತ್ತು, ಇದು ನನ್ನದೇ ಕೈಯೋ ಎಂಬಂತೆ. ಆಚೆ ಸುಮಾ ಕರಡಿ ವಾದ್ಯದ ಸುತ್ತ ಇಡೀ ವರ್ಗವನ್ನು ಕೂರಿಸಿಕೊಂಡಿದ್ದಳು; ಅವಳು ಕೈ ಎತ್ತಿದರೆ ಹುಡುಗರು ಬಾರಿಸುತ್ತಿದ್ದವು, ಇಳಿಸಿದರೆ ನಿಲ್ಲಿಸುತ್ತಿದ್ದವು. ಅವರ ಸಾಲಿಯ ಹೆಡ್‌ಬಾಯಿ, "ನಮ್ಮ ಮಾತ ಹಿಂಗ ಕೇಳೂದಿಲ್ರಿ ಇವು" ಎಂದು ಮಾಸ್ತರರಿಗೆ ಹೇಳಿ, ತಮ್ಮ ಪರಿಚಯದ ಸಾಲಿಯವರಿಗೆಲ್ಲ ಅಲ್ಲಿಂದಲೇ ಫೋನು ಹಚ್ಚಿದರು.

ಆ ಗದ್ದಲದ ನಡುವೆ ಪ್ರಭು ಬಂದು ನಿಂತ. ಕೈಯಲ್ಲಿ ಗಾಡಿಯ ಚಾವಿ.

"ಅವ್ವಾ, ನೌಕರಿ ಹೋತಂದಿದ್ದಿ?"

"ಹೋಗಿತ್ತು. ಬಂತು. ಸಾಲಿನಾಗ ಬಾ, ಹುಡುಗ್ರನ್ನ ದಬ್ಬಬ್ಯಾಡ."

ಸಾಲಿನಲ್ಲಿ ನಿಂತೇ ಬಂದ, ತಂತಿ ಎಳೆದ, ಹುಡುಗರ ಹಾಗೆಯೇ ಕೈ ನೋಡಿಕೊಂಡ. ಪವರ್‌ಲೂಮಿನ ಸದ್ದಿನಲ್ಲಿ ಇಪ್ಪತ್ತು ವರ್ಷ ಕಳೆದವನು, ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ ಎಳೆಯಲು ಹೋದ. "ಒಬ್ಬರಿಗೆ ಒಂದ ಸಲ" ಎಂದೆ.

ಹುಡುಗರು ಹೋದ ಮೇಲೆ ಮಾಸ್ತರರು ಪ್ರಭುವಿನ ಹತ್ತಿರ ಬಂದು, ಹೊಸ ವರ್ಷದಿಂದ ಸುಮಾನ ನೌಕರಿ ಪಕ್ಕಾ ಎಂದು ತಾವೇ ಹೇಳಿದರು. ಪ್ರಭು ಅವರೆದುರಿಗೆ ಹೂಂ ಎಂದ. ಹೊರಗೆ ಬಂದ ಮೇಲೆ ಗಾಡಿಯ ಬಾಗಿಲು ಹಿಡಿದುಕೊಂಡು ನನ್ನನ್ನು ಕೇಳಿದ, "ಹಂಗಾದ್ರ ನೀ ಇಲ್ಲೇ ಇರ್ತೀಯೇನು? ಮಗ್ಗದಾಗ ಸೀರಿ ಅರ್ಧಕ್ಕ ನಿಂತೈತಿ."

ಅದು ನನಗೂ ಗೊತ್ತಿತ್ತು. "ನಾ ಬರ್ತೇನಿ" ಎಂದೆ. "ಆಕಿ ಬರೂದಿಲ್ಲ."

"ಒಬ್ಬಾಕೀನ್ನ ಬಿಟ್ಟಾ?"

"ಕೆಳಗ ಮಾಸುಮಬಿ, ಮ್ಯಾಲ ಮಂಗ್ಯಾ. ಇಬ್ಬರನ್ನೂ ದಾಟಿ ಮೆಟ್ಟಲಾ ಹತ್ತೋ ಗಂಡಸು ಈ ಜಿಲ್ಲೇದಾಗ ಹುಟ್ಟಿಲ್ಲ."

"ಮಂದಿ ಏನಂತಾರ, ಅವ್ವಾ?"

"ಅನ್ನೋರನ್ನ ನನ್ನ ಕಡೆ ಕಳಸು. ಭಾಳ ದಿನ ಆತು, ಯಾರನ್ನೂ ಸರಿಯಾಗಿ ಬೈದಿಲ್ಲ."

ಪ್ರಭು ಸುಮಾನ ಕಡೆ ನೋಡಿದ. ಸುಮಾ ನನ್ನ ಕಡೆ ನೋಡುತ್ತಿದ್ದಳು. ಅವನು ಕಡೆಗೆ, "ಅಲ್ಲ, ಹಂಗಾದ್ರ ಸೆರಗಿಗೆ ಕೊಂಡಿ ಯಾರು ಹಾಕಬೇಕು?" ಎಂದ. ಆ ಮಾತು ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ಕೀಲಿಯನ್ನು ಸೊಂಟದಿಂದ ತೆಗೆದು ಸುಮಾನ ಅಂಗೈಯಲ್ಲಿಟ್ಟು, ಬೆರಳು ಮಡಚಿ ಮುಚ್ಚಿದೆ. ಆಮೇಲೆ ಅವನಿಗೆ ಹೇಳಿದೆ:

"ನಿನಗ ಕೈ ಇಲ್ಲೇನು?"

ಗಾಡಿ ಹತ್ತಿದೆ. ಅಮೀನಗಡದಲ್ಲಿ ಪ್ರಭು ಕರದಂಟು ಕೊಡಿಸಿದ. ತಿನ್ನಲಿಲ್ಲ, ಹಲ್ಲು ನೋಯುತ್ತಿತ್ತು.

ನವೆಂಬರ್ ೨೩, ರವಿವಾರ

ಪ್ರಭುವನ್ನು ಮಗ್ಗದ ಪಕ್ಕ ಕೂರಿಸಿದೆ. ಅವನ ಬೆರಳು ನನ್ನವಕ್ಕಿಂತ ದಪ್ಪ. ಹತ್ತು ಕೊಂಡಿ ಹಾಕಿದರೆ ಎಂಟು ಬಿಚ್ಚುತ್ತವೆ. ಯಜಮಾನರು ಬಾಗಿಲಲ್ಲಿ ನಿಂತು ನಕ್ಕರು. ಸಾಸಿವೆ ಹುಡುಕಲು ಕಳಿಸಿದೆ.

ನವೆಂಬರ್ ೨೫, ಮಂಗಳವಾರ

ಕೊಂಡಿ ಹಾಕುವಾಗ ಸುಮಾನ ಫೋನು ಬಂತು. ಊಟ ಆಯಿತಾ ಕೇಳು, ಬಾಗಿಲಿಗೆ ಒಳಗಿನಿಂದ ಅಗಳಿ ಹಾಕುತ್ತಾಳಾ ಕೇಳು ಎಂದು ಪ್ರಭು ಎಳೆ ಹಿಡಿದ ಕೈಯಲ್ಲೇ ಸನ್ನೆ ಮಾಡುತ್ತಿದ್ದ.

ನಾನು ಕೇಳಿದ್ದು: "ಇವತ್ತ ಎಷ್ಟ ಮಂದಿ ಬಂದಿದ್ರು?"

"ಒಬ್ಬಾವ ಬಂದಿದ್ದ, ಆಯಿ. ಬಾಗಲಕೋಟಿ ವಕೀಲ. ಎಲ್ಲಾ ನೋಡಿದ. ಏನೂ ಮುಟ್ಟಲಿಲ್ಲ. ಹೋದ."

"ಮುಟ್ಟದ ಹೋದ? ನೀ ಬಿಟ್ಟಿ?"

"ಅವಸರದಾಗ ಇದ್ದ, ಏನ ಮಾಡಲಿ?"

"ಬಾಗಲಕ್ಕ ಅಡ್ಡ ನಿಂದರಬೇಕು! ವಕೀಲ ಇರಲಿ, ಜಡ್ಜ್ ಇರಲಿ, ಒಂದ ತಂತಿಯರ ಎಳಸಿ ಕಳಸಬೇಕು. ನಮ್ಮದೇನು ಬರೇ ನೋಡಿ ಹೋಗೋ ಜಾಗಾ ಅಂತ ತಿಳದಾನೇನು ಅವ?"

ಆ ಕಡೆಯಿಂದ ಸುಮಾ ನಕ್ಕಳು. ಯಾಕೆ ನಕ್ಕಳೋ, ನಾನೇನು ನಗುವಂಥದ್ದು ಹೇಳಿರಲಿಲ್ಲ. ಫೋನಿಟ್ಟ ಮೇಲೆ ಪ್ರಭು ನನ್ನ ಮುಖ ನೋಡಿದ.

"ನಮ್ಮದು ಅಂದ್ರ ಯಾರದವ್ವಾ?"

"ಸುಮ್ಮ ಎಳಿ ಹಿಡಿ" ಎಂದೆ.